ವಿದೇಶ ವ್ಯಾಸಂಗ: ಟಿಕೆಟಿಗಿಂತ ಮೊದಲು ಆಗಬೇಕಾದ ಕೆಲಸಗಳು

(ಉಡುಪಿಯಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)





ಕಾಪು, ಕಾರ್ಕಳ, ಉಡುಪಿಯ ನಮ್ಮ ಮನೆಗಳಿಗೆ ಪಾಸ್‌ಪೋರ್ಟ್ ಹೊಸತಲ್ಲ. ಗಲ್ಫ್‌ನಲ್ಲಿ ದುಡಿದ ಒಬ್ಬರಾದರೂ ಇಲ್ಲದ ಕುಟುಂಬ ಇಲ್ಲಿ ವಿರಳ. ಆದರೆ ದುಡಿಯಲು ಹೋಗುವುದು ಬೇರೆ, ಕಲಿಯಲು ಹೋಗುವುದು ಬೇರೆ. ದುಡಿಯಲು ಹೋದವನು ಒಂದೆರಡು ತಿಂಗಳಲ್ಲಿ ಮನೆಗೆ ಹಣ ಕಳುಹಿಸುತ್ತಾನೆ. ಕಲಿಯಲು ಹೋದವನಿಗೆ ಮನೆಯೇ ಹಣ ಕಳುಹಿಸಬೇಕು. ಗಲ್ಫ್‌ನ ಅನುಭವವೊಂದನ್ನೇ ನಂಬಿ ಮಕ್ಕಳನ್ನು ಐರ್ಲೆಂಡಿಗೋ ಜರ್ಮನಿಗೋ ಕಳುಹಿಸಲು ಹೊರಟರೆ ಈ ವ್ಯತ್ಯಾಸ ಅರಿವಾಗುವಷ್ಟರಲ್ಲಿ ಮನೆಯ ದಾಖಲೆಪತ್ರ ಬ್ಯಾಂಕಿನಲ್ಲಿರುತ್ತದೆ.

ಈ ವಿಷಯದಲ್ಲಿ ಮಾದರಿ ನಮ್ಮ ಪಕ್ಕದಲ್ಲೇ ಇದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ದಶಕಗಳಿಂದ ಹೊರದೇಶದ ವಿದ್ಯಾರ್ಥಿಗಳು ಆ ಗುಡ್ಡಕ್ಕೆ ಬರುತ್ತಿದ್ದಾರೆ. 1997ರಲ್ಲಿ ಆರಂಭವಾದ ಮಲಾಕಾ-ಮಣಿಪಾಲ ವೈದ್ಯಕೀಯ ಕಾಲೇಜಿನ ಮಲೇಶ್ಯಾದ ಮಕ್ಕಳು ಮೊದಲ ಹಂತವನ್ನು ಇಲ್ಲಿಯೂ ಉಳಿದುದನ್ನು ತಮ್ಮ ದೇಶದಲ್ಲಿಯೂ ಕಲಿಯುತ್ತಿದ್ದರು. ಅವರಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳೂ ಇದ್ದರು. ಅವರ ಹೆತ್ತವರಿಗೂ ಮಣಿಪಾಲ ಪರದೇಶವೇ ಆಗಿತ್ತಲ್ಲವೇ? ತನ್ನ ಪದವಿಗೆ ಊರಿನಲ್ಲಿ ಮಾನ್ಯತೆ ಇದೆಯೇ ಎಂಬುದನ್ನು ಅವರು ಮೊದಲು ಕೇಳಿಕೊಂಡು ಬಂದವರು. ನಾವು ಮೊದಲು ಕೇಳುವುದು ವೀಸಾ ಬೇಗ ಸಿಗುವ ದೇಶ ಯಾವುದು ಎಂದು.

ಇನ್ನು ಕಾಗದಪತ್ರಗಳಿಗೆ ಬರೋಣ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಜನನ ಪ್ರಮಾಣಪತ್ರದಲ್ಲಿ ಮಹಮ್ಮದ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಬರೀ ಎಂ.ಡಿ. ಕನ್ನಡದಲ್ಲಿ ಓದುವಾಗ ಒಂದೇ ಎನಿಸಿದರೂ ಇಂಗ್ಲಿಷ್ ಅಕ್ಷರಗಳಲ್ಲಿ ಇವು ಮೂವರು ಬೇರೆ ಬೇರೆ ವ್ಯಕ್ತಿಗಳು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದು ಇನಿಷಿಯಲ್ ಇರುತ್ತದೆ. ಅದು ಊರಿನದೋ ತಂದೆಯದೋ ಮನೆತನದ್ದೋ ಎಂಬುದು ಮನೆಯವರಿಗೇ ಖಚಿತವಿರುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಹೆಣ್ಣುಮಕ್ಕಳಿಗೆ ಅನೇಕ ಸಲ ಒಂದೇ ಪದದ ಹೆಸರಿರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಸಂದರ್ಶಕ ವೀಸಾದವರಿಗೆ ಪ್ರವೇಶವಿಲ್ಲವೆಂದಾಗ ನಮ್ಮ ಕರಾವಳಿಯಲ್ಲಿ ಎಷ್ಟು ಗಲಿಬಿಲಿಯಾಯಿತೆಂಬುದು ನಿಮಗೆ ನೆನಪಿರಬಹುದು. ಆದ್ದರಿಂದ ಒಂಬತ್ತನೇ ತರಗತಿಯಲ್ಲಿರುವಾಗಲೇ ಶಾಲಾ ದಾಖಲೆ, ಆಧಾರ್, ಜನನ ಪ್ರಮಾಣಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿರಿ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲು ಮುಖ್ಯೋಪಾಧ್ಯಾಯರ ಮೂಲಕ ಸುಲಭವಾಗಿ ಮುಗಿಯುವ ತಿದ್ದುಪಡಿಗೆ ಪದವಿಯ ನಂತರ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಪದವೀಧರರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಿಂದ ಟ್ರಾನ್ಸ್‌ಕ್ರಿಪ್ಟ್ ಪಡೆಯಬೇಕು. ಕೆಲವು ದೇಶಗಳಿಗೆ ರಾಜ್ಯ ಸರಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕು. ಜರ್ಮನಿಗೆ ಹೋಗುವವರು 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕಾಗಿದೆ. ಒಂದೂವರೆ ವರ್ಷ ಮೊದಲೇ ತೊಡಗಿದವರಿಗೆ ಇವಾವುವೂ ಕಷ್ಟವಲ್ಲ.

ಹಣದ ವಿಚಾರವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ವರ್ಷದ ಜೀವನವೆಚ್ಚಕ್ಕೆಂದು 11,904 ಯೂರೋಗಳನ್ನು ಮುಂಗಡವಾಗಿ ಖಾತೆಯಲ್ಲಿಡಬೇಕೆಂಬ ನಿಯಮವನ್ನು 2024ರಲ್ಲಿ ತರಲಾಯಿತು. ‘ಉಚಿತ ಶಿಕ್ಷಣ’ ಎಂಬ ಜಾಹೀರಾತಿನಲ್ಲಿ ಈ ಸಾಲು ಕಾಣಸಿಗುವುದಿಲ್ಲ! ಸಾಮಾನ್ಯವಾಗಿ 7.5 ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುತ್ತವೆ. ಕಲಿಯುವ ಅವಧಿಯಲ್ಲಿ ಕಂತು ಇರುವುದಿಲ್ಲವೆಂದು ಸಮಾಧಾನಪಡುವವರು, ಆಗಲೂ ಬಡ್ಡಿ ಬೆಳೆಯುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಕೇಂದ್ರ ಸರಕಾರ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಬಡ್ಡಿ ಭರಿಸುತ್ತಿದ್ದ ‘ಪಢೋ ಪರ್ದೇಶ್’ ಯೋಜನೆಯನ್ನು 2022-23ರಲ್ಲಿ ನಿಲ್ಲಿಸಿಬಿಟ್ಟಿತು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲದ ಯೋಜನೆಯಿದೆ. ಆದಾಯ ಪ್ರಮಾಣಪತ್ರ, ಭದ್ರತೆಯ ದಾಖಲೆಗಳನ್ನು ಸಿದ್ಧಪಡಿಸಿಟ್ಟು ಅರ್ಜಿ ಕರೆಯುವ ದಿನಕ್ಕಾಗಿ ಕಾಯುವವರು ಮಾತ್ರ ಅದರ ಲಾಭ ಪಡೆಯುತ್ತಾರೆ.

ಬಡ್ಡಿಯ ಸಾಲ ನಮಗೆ ನಿಷಿದ್ಧವೆಂದು ಹೇಳಿ ಕೈಚೆಲ್ಲಿ ಕುಳಿತುಕೊಳ್ಳುವುದೂ ಉತ್ತರವಲ್ಲ. ಒಂದು ಮದುವೆಗೆ ಹಾಲ್, ಊಟ, ಚಿನ್ನವೆಂದು ಹತ್ತು ಹದಿನೈದು ಲಕ್ಷ ಕೂಡಿಸಬಲ್ಲ ಕುಟುಂಬಗಳಿರುವ ಜಮಾಅತ್, ಪ್ರತಿಭಾವಂತ ಮಕ್ಕಳಿಗೆ ಬಡ್ಡಿರಹಿತ ಸಾಲದ ನಿಧಿಯೊಂದನ್ನು ಕೂಡಿಸಲಾಗದೇ? ಇಲ್ಲಿ ಜಮಾಅತ್‌ಗಳ ಜವಾಬ್ದಾರಿ ಹೊತ್ತವರು ಇದ್ದೀರಿ. ನಿಮ್ಮ ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನಿಡಿರಿ.

ವೈದ್ಯಕೀಯಕ್ಕಾಗಿ ಹೋಗುವವರಿಗೆ ಎಚ್ಚರಿಕೆಯ ಮಾತು. ನೀಟ್ ಅರ್ಹತೆ ಇಲ್ಲದೆ ಹೊರದೇಶದಲ್ಲಿ ಪಡೆದ ಎಂಬಿಬಿಎಸ್‌ಗೆ ಇಲ್ಲಿ ಬೆಲೆಯಿಲ್ಲ. 2021ರ ನಿಯಮಗಳಂತೆ ಕನಿಷ್ಠ 54 ತಿಂಗಳ ಇಂಗ್ಲಿಷ್ ಮಾಧ್ಯಮದ ವ್ಯಾಸಂಗ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿ, ಮರಳಿ ಬಂದು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2023ರ ಡಿಸೆಂಬರ್‌ನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಸುಮಾರು ಶೇ. 20 ಮಾತ್ರ. ಏಜೆಂಟರು ಶುಲ್ಕ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ. ಬರೆದು ಸಹಿ ಮಾಡಿ ಕೊಡಲು ಕೇಳಿರಿ. ಹಿಂಜರಿದರೆ ಎದ್ದು ಬನ್ನಿರಿ.

ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಬ್ರಿಟನ್ 2024ರ ಜನವರಿಯಿಂದ ಸಂಶೋಧನೆಯೇತರ ಸ್ನಾತಕೋತ್ತರ ವಿದ್ಯಾರ್ಥಿಗಳು ಪತ್ನಿ, ಮಕ್ಕಳನ್ನು ಕರೆದೊಯ್ಯುವುದನ್ನು ನಿಲ್ಲಿಸಿತು. ಅದೇ ವರ್ಷ ಕೆನಡಾ ವಿದ್ಯಾರ್ಥಿ ಪರವಾನಿಗೆಗಳಿಗೆ ಮಿತಿ ಹೇರಿತು. ಮೂರು ವರ್ಷದ ಹಿಂದೆ ಹೋದ ಸೋದರಮಾವನ ಮಗನ ಮಾತು ಇಂದಿನ ಕಾನೂನಲ್ಲ.

ಹಲಾಲ್ ಊಟ ಸಿಗುವುದೇ ಎಂದು ತಾಯಂದಿರು ಕೇಳುತ್ತಾರೆ. ಅಡುಗೆ ಬಲ್ಲ ಹುಡುಗನಿಗೆ ಆ ಸಮಸ್ಯೆ ಅರ್ಧದಷ್ಟೂ ಇಲ್ಲ. ಅಕ್ಕಿ ತೊಳೆಯಲು ಬಾರದ ಮಗನನ್ನು ಈ ರಜೆಯಲ್ಲಿ ಅಡುಗೆಮನೆಗೆ ಕಳುಹಿಸಿರಿ. ಮಗಳಿಗೆ ಅಂಕ ಹೆಚ್ಚಿದ್ದರೂ ಮಗನಿಗಾಗಿಯೇ ಜಾಗ ಅಡವಿಡುವ ತಂದೆಯಂದಿರು, ಅದೇಕೆಂದು ಆಕೆಗೆ ವಿವರಿಸಬಲ್ಲರೇ ಎಂದು ಯೋಚಿಸಲಿ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕೀವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ದಾಳಿಗೆ ಬಲಿಯಾದರು. ಹೋದ ವಾರದಲ್ಲೇ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಹೆಸರು, ವಿಳಾಸ ನೋಂದಾಯಿಸಿರಿ. ಅದರ ಒಂದು ಪ್ರತಿ ಮನೆಯಲ್ಲಿರಲಿ.

ಪಾಸ್‌ಪೋರ್ಟ್, ಅಂಕಪಟ್ಟಿ ತಂದಿರುವವರು ಈಗ ಮುಂದಿನ ಸಾಲಿಗೆ ಬನ್ನಿರಿ. ಹೆಸರುಗಳನ್ನು ಒಟ್ಟಿಗೆ ತಾಳೆ ನೋಡೋಣ.