ಘಟ್ಟದ ಮನೆಗಳಲ್ಲಿ 2020ರ ಈಸ್ಟರ್

ಶಿರಸಿಯ ಮಾರಿಕಾಂಬಾ ಜಾತ್ರೆ ಮುಗಿದ ಕೆಲವೇ ದಿನಗಳಲ್ಲಿ, 2020ರ ಮಾರ್ಚ್ 25ರಂದು, ಕೋವಿಡ್ ಲಾಕ್‌ಡೌನ್ ಜಾರಿಗೆ ಬಂದಾಗ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ಸೀಮೆಯ ಕ್ರೈಸ್ತ ಕುಟುಂಬಗಳು ತಪಸ್ಸುಕಾಲದಲ್ಲಿದ್ದವು. ಈಸ್ಟರ್‌ಗೆ ಮುನ್ನ ಉಪವಾಸ ಮತ್ತು ಪಶ್ಚಾತ್ತಾಪಗಳಲ್ಲಿ ಕಳೆಯುವ ನಲವತ್ತು ದಿನಗಳಿಗೆ ಈ ಹೆಸರು. ಏಪ್ರಿಲ್ 5ರ ಗರಿಗಳ ಭಾನುವಾರವಾಗಲಿ, 10ರ ಶುಭ ಶುಕ್ರವಾರವಾಗಲಿ, 12ರ ಈಸ್ಟರ್ ಆಗಲಿ ಚರ್ಚಿನಲ್ಲಿ ಜನ ಸೇರಿ ಆಚರಿಸುವಂತಿರಲಿಲ್ಲ.

ಕಥೋಲಿಕರಿಗೆ ಇದು ಹಬ್ಬವೊಂದು ತಪ್ಪಿದಷ್ಟೇ ಸಂಗತಿಯಲ್ಲ. ಬಲಿಪೂಜೆಯನ್ನು ಮೊಬೈಲಿನಲ್ಲಿ ನೋಡಬಹುದಾದರೂ ಅದರಲ್ಲಿ ಅರ್ಪಿತವಾದ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಪರದೆ ಕೈಗೆ ಕೊಡಲಾರದು. ಆದ್ದರಿಂದ ಅದನ್ನು ಮನಸ್ಸಿನಲ್ಲೇ ಸ್ವೀಕರಿಸುವ ಹಳೆಯ ಪ್ರಾರ್ಥನಾಕ್ರಮಕ್ಕೆ ಮತ್ತೆ ಜೀವ ಬಂದಿತು. ಕಾಡಿನಂಚಿನ ಊರುಗಳಲ್ಲಿ ಪರದೆಗೆ ಬೇಕಾದ ಸಿಗ್ನಲ್ಲೇ ದುರ್ಲಭವೆಂಬುದು ಬೇರೆ ಮಾತು. ಕುಟುಂಬವನ್ನು ‘ಗೃಹಸಭೆ’ಯೆಂದು, ಅಂದರೆ ಮನೆಯೊಳಗಿನ ಪುಟ್ಟ ಚರ್ಚೆಂದು, ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕರೆದಿತ್ತಾದರೂ 2020ರಲ್ಲಿ ಅದು ನಿತ್ಯದ ನಿಜವಾಯಿತು.

ಯಲ್ಲಾಪುರದ ಕಡೆಯ ಕ್ರೈಸ್ತ ಸಿದ್ದಿಗಳ ಪಾಡು ಇನ್ನಷ್ಟು ಕಠಿಣ. ಆಫ್ರಿಕಾ ಮೂಲದ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಈ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳವರಿದ್ದಾರೆ. ದಿನಗೂಲಿಯನ್ನೇ ನಂಬಿದ ಮನೆಗಳಿಗೆ ಕೆಲಸದ ನಿಲುಗಡೆಯೇ ರೋಗಕ್ಕಿಂತ ಮೊದಲು ತಟ್ಟುವ ಸಂಕಟ. 

2020ರ ಜೂನ್ 8ರಿಂದ ಪ್ರಾರ್ಥನಾಲಯಗಳನ್ನು ತೆರೆಯಲು ಅನುಮತಿ ದೊರೆತು, ಕ್ರಿಸ್‌ಮಸ್ ಅಂತರ ಕಾಯ್ದುಕೊಂಡೇ ನಡೆಯಿತು. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಪ್ರಾರ್ಥನಾಲಯಗಳನ್ನು ಪುನಃ ಮುಚ್ಚಿಸಿತು.