ಎಳೆಯ ಮಕ್ಕಳ ಮನೆಯೂ ದೇವರ ಆಲಯವೂ
(ಶತಮಾನೋತ್ಸವದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣ)



ದೇವಾಲಯದ ಚರಿತ್ರೆಯನ್ನು ಕುರಿತೂ ಅದನ್ನು ಕಟ್ಟಿ ಬೆಳೆಸಿದ ಗುರುಗಳನ್ನು ಕುರಿತೂ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ನೋಟಕ್ಕೆ ತೀರ ಸಣ್ಣದು. ಎರಡು ವರ್ಷದ ಒಂದು ಕೂಸು, ನಾಲ್ಕು ವರ್ಷದ ಒಂದು ಮಗು ಇರುವ ಮನೆಯ ದಿನಚರಿಯೇ ಆ ವಿಷಯ. ಆದರೆ ಮುಂದಿನ ನೂರು ವರ್ಷಗಳಲ್ಲಿ ಈ ಪೀಠದ ಮುಂದೆ ಮೊಣಕಾಲೂರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಂಥ ಮನೆಗಳಲ್ಲಿಯೇ. ಆದ್ದರಿಂದ ವಿಷಯ ಸಣ್ಣದಾದರೂ ಅಲ್ಪವಾದುದಲ್ಲ.

ಹಳೆಯ ಧರ್ಮಕೇಂದ್ರಗಳಲ್ಲಿ ದೀಕ್ಷಾಸ್ನಾನದ ಪುಸ್ತಕವೂ ಮರಣದ ಪುಸ್ತಕವೂ ಅಕ್ಕಪಕ್ಕದಲ್ಲಿರುತ್ತವೆ. ನೂರು ವರ್ಷಗಳ ಹಿಂದಿನ ಹಾಳೆಗಳಲ್ಲಿ, ಒಂದು ಪುಸ್ತಕದಲ್ಲಿ ಕಂಡ ಹೆಸರು ಕೆಲವೇ ತಿಂಗಳಲ್ಲಿ ಇನ್ನೊಂದರಲ್ಲಿ ಕಾಣುವುದು ಅಂದಿನ ಕಾಲಕ್ಕೆ ಅಪರೂಪವಾಗಿರಲಿಲ್ಲ. ಘಟ್ಟದ ಮೇಲಿನ ನಮ್ಮ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯನ್ನು ಮಲೇರಿಯಾ ಜ್ವರ ದೀರ್ಘಕಾಲ ಹಿಂಡಿತು. ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳು ಅಂದಿನ ಹಳ್ಳಿಗಳ ನಿತ್ಯದ ನೋಟವಾಗಿದ್ದರು. ಡಿಡಿಟಿ ಸಿಂಪಡಣೆ ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಆ ಭಯ ಮೆಲ್ಲನೆ ಹಿಂದೆ ಸರಿಯಿತು. ಸಿಡುಬು ಹೋಯಿತು. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಅಂದಿನ ತಾಯಿ ದೇವಮಾತೆಯ ಮುಂದೆ ಮೇಣದಬತ್ತಿ ಹಚ್ಚಿ, ತನ್ನ ಮಗು ಬದುಕಲಿ ಎಂದಷ್ಟೇ ಬೇಡುತ್ತಿದ್ದಳು. ಅವಳ ಪ್ರಾರ್ಥನೆಯ ಫಲವನ್ನು ಇಂದು ನಾವು ಅನುಭವಿಸುತ್ತಿದ್ದೇವೆ. ನಮ್ಮ ಮಕ್ಕಳು ಬದುಕುತ್ತಾರೆ. ಹೀಗೆ ಬದುಕಿ ಉಳಿದ ಮಗುವಿಗೆ ನಾವು ಏನನ್ನು ಕೊಡುತ್ತಿದ್ದೇವೆ?

ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಶಾಸನದಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಗಳೇ ಎಂದು ಸಾರಿತು. ಸಂತ ಎರಡನೆಯ ಜಾನ್ ಪೌಲರು 1981ರ ನವೆಂಬರದಲ್ಲಿ ಹೊರಡಿಸಿದ ಕುಟುಂಬ ಪತ್ರದಲ್ಲಿ ಇದೇ ಮಾತನ್ನು ವಿಸ್ತರಿಸಿದರು. ಕೇಳಲು ಇದು ಉನ್ನತವಾದ ಮಾತು. ಆದರೆ ಬೆಳಗಿನ ಏಳು ಗಂಟೆಗೆ ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ, ಹಿರಿಯ ಮಗು ಅಂಗನವಾಡಿಗೆ ಹೋಗೆನೆಂದು ಬಾಗಿಲು ಹಿಡಿದು ನಿಂತಿರುವಾಗ, ಕಿರಿಯ ಕೂಸು ಗಂಜಿಯ ಬಟ್ಟಲನ್ನು ನೆಲಕ್ಕೆ ಕವುಚಿ ಅದರಲ್ಲಿ ಕೈಯಾಡಿಸುತ್ತಿರುವಾಗ, ಈ ಗೃಹಸಭೆ ಎಲ್ಲಿದೆ ಎಂದು ತಾಯಿ ಕೇಳಿದರೆ ಅವಳನ್ನು ಅವಿಶ್ವಾಸಿಯೆನ್ನಲಾಗದು. ಅದು ಅಲ್ಲಿಯೇ ಇದೆ ಎಂಬುದೇ ನನ್ನ ವಾದ. ಚೆಲ್ಲಿದ ಗಂಜಿಯನ್ನು ಒರೆಸುವ ಕೈಯಲ್ಲಿಯೂ, ಏರಬಹುದಾಗಿದ್ದ ದನಿಯನ್ನು ತಗ್ಗಿಸಿಕೊಂಡ ಆ ಒಂದು ಕ್ಷಣದಲ್ಲಿಯೂ ಅದು ಇದೆ.

ಮೊದಲು ಕಿರಿಯದನ್ನು ನೋಡೋಣ. ಎರಡು ವರ್ಷದ ಕೂಸು ಕಲಿಯುವ ಮೊದಮೊದಲ ಮಾತುಗಳಲ್ಲಿ ‘ಬೇಡ’ ಒಂದು, ‘ನಂದು’ ಮತ್ತೊಂದು. ಹಿರಿಯರು ಇದನ್ನು ಹಟವೆಂದೂ ಕೆಲವೊಮ್ಮೆ ಕೆಟ್ಟ ಬುದ್ಧಿಯೆಂದೂ ಭಾವಿಸಿ ಕೈಯೆತ್ತುತ್ತಾರೆ. ಅದು ಕೆಟ್ಟ ಬುದ್ಧಿಯಲ್ಲ. ತಾಯಿಯಿಂದ ತಾನು ಬೇರೆಯವನೆಂಬ ಅರಿವು ಆ ಕೂಸಿಗೆ ಆಗತಾನೇ ಮೂಡುತ್ತಿದೆ. ಮನಸ್ಸಿನಲ್ಲಿ ಇಚ್ಛೆ ಹುಟ್ಟಿದೆ, ಅದನ್ನು ಹೇಳಲು ನಾಲಿಗೆಗೆ ಮಾತು ಸಾಲದು. ಮಾತು ಸಾಲದ ಕಡೆ ಅಳು ಬರುತ್ತದೆ, ಉರುಳಾಟ ಬರುತ್ತದೆ. ಇಂದು ‘ಬೇಡ’ ಎನ್ನಲು ಬಾರದವನು ನಾಳೆ ಪಾಪಕ್ಕೆ ‘ಬೇಡ’ ಎನ್ನುವುದು ಹೇಗೆ? ಇಚ್ಛೆಯನ್ನು ಮುರಿಯುವುದು ಶಿಕ್ಷಣವಲ್ಲ; ಅದಕ್ಕೆ ದಾರಿ ತೋರಿಸುವುದು ಶಿಕ್ಷಣ. ‘ಕೆಂಪು ಅಂಗಿ ಹಾಕುವೆಯಾ, ಹಸಿರು ಅಂಗಿ ಹಾಕುವೆಯಾ’ ಎಂದು ಎರಡರಲ್ಲಿ ಒಂದನ್ನು ಆರಿಸಲು ಬಿಟ್ಟರೆ ಅರ್ಧ ಜಗಳ ಅಲ್ಲಿಯೇ ತೀರುತ್ತದೆ.

ಈ ವಿಷಯದಲ್ಲಿ ಧೈರ್ಯ ಬೇಕಾದ ತಾಯಂದಿರಿಗೆ ಒಂದು ಪುಣ್ಯ ಕುಟುಂಬವನ್ನು ನೆನಪಿಸುತ್ತೇನೆ. ಚಿಕ್ಕ ಪುಷ್ಪವೆಂದು ನಾವು ಗೌರವಿಸುವ ಸಂತ ತೆರೇಸಳು 1873ರಲ್ಲಿ ಫ್ರಾನ್ಸಿನ ಅಲಾನ್ಸಾನಿನಲ್ಲಿ ಹುಟ್ಟಿದಳು. ಅವಳ ತಾಯಿ ಝೆಲೀ ಮಾರ್ಟಿನ್ ಮನೆಯಲ್ಲಿಯೇ ಕಸೂತಿ ಜಾಲರಿಯ ಉದ್ಯಮ ನಡೆಸುತ್ತಿದ್ದ ದುಡಿಯುವ ಹೆಂಗಸು. ಹೆತ್ತ ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಮಣ್ಣಿಗೊಪ್ಪಿಸಿದವಳು. ಕೂಸಿಗೆ ತಾನು ಹಾಲೂಡಿಸಲಾಗದೆ, ಹಳ್ಳಿಯ ಒಬ್ಬ ದಾದಿಯ ಮನೆಯಲ್ಲಿ ತೆರೇಸಳನ್ನು ಒಂದು ವರ್ಷದಷ್ಟು ಕಾಲ ಬಿಡಬೇಕಾಯಿತು. ಪುಟ್ಟ ತೆರೇಸಳ ಹಟ ಜಯಿಸಲಾಗದ್ದೆಂದು ತಾಯಿ ತನ್ನ ಪತ್ರಗಳಲ್ಲಿ ಬರೆದಿಟ್ಟಿದ್ದಾಳೆ. ಮುಂದೆ ಸಂತಳಾದವಳೂ ಒಂದು ಕಾಲಕ್ಕೆ ನೆಲದ ಮೇಲೆ ಉರುಳಾಡಿದ ಕೂಸೇ. ಆ ತಂದೆತಾಯಿಗಳಾದ ಲೂಯಿ ಮತ್ತು ಝೆಲೀ ದಂಪತಿಗಳನ್ನು 2015ರ ಅಕ್ಟೋಬರ 18ರಂದು ಧರ್ಮಸಭೆ ಸಂತರೆಂದು ಸಾರಿತು. ಮಠಗಳ ಕಟ್ಟೊಳಗೆ ಮಾತ್ರ ಪಾವಿತ್ರ್ಯವಿದೆ ಎಂಬ ಭ್ರಮೆಗೆ ಅದು ಉತ್ತರ. ಮಗುವನ್ನು ಅಜ್ಜಿಯ ಬಳಿಯೋ ‘ಕೂಸಿನ ಮನೆ’ಯಲ್ಲಿಯೋ ಬಿಟ್ಟು ಕೂಲಿಗೆ ಹೋಗುವ ನಮ್ಮ ತಾಯಿ ತನ್ನನ್ನು ಹೀನಳೆಂದು ಬಗೆಯಬೇಕಾಗಿಲ್ಲ.

ಇನ್ನು ಹಿರಿಯ ಮಗು. ನಾಲ್ಕು ವರ್ಷದ ಮಗುವಿಗೆ ಲೋಕವೆಲ್ಲ ಪ್ರಶ್ನೆ. ಮಳೆ ಏಕೆ ಬೀಳುತ್ತದೆ, ಅಜ್ಜ ಎಲ್ಲಿ ಹೋದರು, ದೇವರಿಗೆ ಹಸಿವಾಗುವುದಿಲ್ಲವೇ ಎಂದು ಅದು ಕೇಳುತ್ತಲೇ ಇರುತ್ತದೆ. ಸಾವಿರ ಪ್ರಶ್ನೆಗಳಿಗೆ ಉತ್ತರ ಹೇಳಲು ಯಾರಿಂದಲೂ ಆಗದು. ಆದರೆ ಒಂದಕ್ಕಾದರೂ ಮಗುವಿನ ಮುಖ ನೋಡಿ ಉತ್ತರ ಕೊಟ್ಟರೆ, ಕೇಳುವುದು ಒಳ್ಳೆಯದು ಎಂಬ ಪಾಠ ಅದರ ಮನಸ್ಸಿನಲ್ಲಿ ನಿಲ್ಲುತ್ತದೆ. ಇದೇ ಮಗುವಿನ ಎದೆಯಲ್ಲಿ ಇನ್ನೊಂದು ನೋವಿದೆ. ತಮ್ಮನೋ ತಂಗಿಯೋ ಹುಟ್ಟಿದ ದಿನ ಅದು ಅಮ್ಮನ ಮಡಿಲಿನಿಂದ ಇಳಿಯಿತು. ಅಂದಿನಿಂದ ‘ನೀನು ದೊಡ್ಡವನು, ಬಿಟ್ಟುಕೊಡು’ ಎಂಬ ಮಾತನ್ನೇ ಕೇಳುತ್ತಿದೆ. ನಾಲ್ಕು ವರ್ಷದವನು ದೊಡ್ಡವನೇ? ಅವನು ಕೂಸನ್ನು ಚಿವುಟಿದರೆ ಅದು ದ್ವೇಷವಲ್ಲ, ‘ನಾನೂ ಇದ್ದೇನೆ’ ಎಂಬ ಕೂಗು. ಪವಿತ್ರ ಗ್ರಂಥ ಈ ಸಂಕಟವನ್ನು ಮುಚ್ಚಿಟ್ಟಿಲ್ಲ. ಯಕೋಬನು ಮಕ್ಕಳಲ್ಲಿ ಒಬ್ಬನಾದ ಜೋಸೆಫನಿಗೆ ಮಾತ್ರ ವಿಶೇಷ ಅಂಗಿಯನ್ನು ತೊಡಿಸಿದ್ದರಿಂದ ಆ ಮನೆಗೆ ಬಂದ ದುಃಖವನ್ನು ನಾವೆಲ್ಲ ಬಲ್ಲೆವು. ದಿನಕ್ಕೆ ಹತ್ತು ನಿಮಿಷ, ಕೂಸು ಮಲಗಿದಾಗ, ಹಿರಿಯ ಮಗುವನ್ನು ಮಾತ್ರ ಮಡಿಲಲ್ಲಿ ಕೂರಿಸಿಕೊಳ್ಳಿ. ಆ ಹತ್ತು ನಿಮಿಷ ದಿನವಿಡೀ ಗದರುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಮಾಡಲು ತಾಯಿಗೆ ತ್ರಾಣವೆಲ್ಲಿದೆ ಎಂದು ನೀವು ಕೇಳಬಹುದು. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದೂ ಅದನ್ನೇ. ಹಿಂದೆ ಒಂದೇ ಮಾಡಿನ ಕೆಳಗೆ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ, ಅತ್ತೆ ಇದ್ದರು. ಕೂಸು ಒಬ್ಬರ ಕಂಕುಳಿನಿಂದ ಇನ್ನೊಬ್ಬರ ಕಂಕುಳಿಗೆ ದಾಟುತ್ತಿತ್ತು. ಈಗ ಎಷ್ಟೋ ಮನೆಗಳ ತರುಣರು ಗೋವೆಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ, ಕೊಲ್ಲಿಯ ದೇಶಗಳಿಗೆ ಹೋಗಿದ್ದಾರೆ. ಮನ್ಮನೆಯಂಥ ನಮ್ಮ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಗದ್ದೆಯೋ ತೋಟವೋ ಬೆಟ್ಟವೋ ಅಡ್ಡ. ಜಡಿಮಳೆಯ ಆಷಾಢದಲ್ಲಿ ಎರಡು ಮಕ್ಕಳೊಂದಿಗೆ ದಿನವೆಲ್ಲ ಒಳಗೇ ಉಳಿದ ತರುಣಿಗೆ, ಸಂಜೆಯವರೆಗೆ ದೊಡ್ಡವರ ಒಂದು ಮಾತೂ ಕಿವಿಗೆ ಬೀಳದಿರಬಹುದು. ಅವಳ ಕಣ್ಣೀರನ್ನು ಸೋಮಾರಿತನವೆಂದು ಕರೆಯಬೇಡಿ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದು ಒಂದು ಕಾಯಿಲೆ. ಜ್ವರದಂತೆ ಅದಕ್ಕೂ ಔಷಧವಿದೆ, ವೈದ್ಯರಿದ್ದಾರೆ.

ತಂದೆಯರೇ, ಈ ಮಾತು ನಿಮಗೆ. ಪೋಪ್ ಫ್ರಾನ್ಸಿಸರು 2020ರ ಡಿಸೆಂಬರದಿಂದ ಒಂದು ವರ್ಷವನ್ನು ಸಂತ ಜೋಸೆಫರಿಗೆ ಅರ್ಪಿಸಿದಾಗ ಬರೆದ ಪತ್ರದಲ್ಲಿ, ಮಗು ಹುಟ್ಟಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಅದರ ಹೊಣೆಯನ್ನು ಹೊತ್ತಾಗಲೇ ತಂದೆಯಾಗುವುದು ಎಂಬ ವಿಚಾರವನ್ನು ನಮ್ಮ ಮುಂದಿಟ್ಟರು. ಬಡಗಿಯ ಕೆಲಸ ಮುಗಿಸಿ ಬಂದ ಜೋಸೆಫರು ದಣಿದಿರಲಿಲ್ಲವೇ? ತೋಟದಿಂದ ಬಂದು ಕೈಕಾಲು ತೊಳೆದ ಮೇಲೆ ಕೂಸಿಗೆ ಸ್ನಾನ ಮಾಡಿಸುವುದರಿಂದ, ಹಿರಿಯದಕ್ಕೆ ಒಂದು ಕಥೆ ಹೇಳುವುದರಿಂದ ಗಂಡಸಿನ ಮರ್ಯಾದೆಗೆ ಕುಂದಿಲ್ಲ.

ಮನೆಯ ಸುತ್ತಲಿನ ಅಪಾಯಗಳ ಮೇಲೆ ಕಣ್ಣಿಡುವುದೂ ಪ್ರೀತಿಯೇ. ಕಟ್ಟೆಯಿಲ್ಲದ ಬಾವಿ, ತೋಟದ ಹೊಂಡ, ಬಚ್ಚಲ ಹಂಡೆಯ ಕುದಿಯುವ ನೀರು, ಅಡಿಕೆಯ ಕೊಳೆರೋಗಕ್ಕೆ ತಂದಿಟ್ಟ ಮೈಲುತುತ್ತ, ಇವು ಕ್ಷಣಮಾತ್ರದಲ್ಲಿ ಮನೆಯನ್ನು ಕತ್ತಲೆ ಮಾಡಬಲ್ಲವು. ನೀಲಿ ಹರಳುಗಳ ಹೊಳಪು ಎರಡು ವರ್ಷದ ಕೂಸಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ, ಅದನ್ನು ಬೀಗದೊಳಗಿಡಿ. ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಸಿದ್ದಾಪುರದ ಕಡೆಗೂ ಹರಡಿ ಜೀವಗಳನ್ನು ತೆಗೆದುಕೊಂಡಿದೆ. ಬೇಸಗೆಯಲ್ಲಿ ಬೆಟ್ಟದಿಂದ ತಂದ ದರಕಿನ ರಾಶಿಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಸಂಜೆ ಮೈಯೆಲ್ಲ ನೋಡಿ ಉಣುಗು ಕಚ್ಚಿದೆಯೇ ಎಂದು ಪರೀಕ್ಷಿಸಿ.

ಹೊಸ ಕಾಲದ ಅಪಾಯವೊಂದು ನಮ್ಮ ಜೇಬಿನಲ್ಲಿಯೇ ಇದೆ. ಅಳುವ ಕೂಸಿನ ಕೈಗೆ ಮೊಬೈಲು ಕೊಟ್ಟರೆ ಅದು ಥಟ್ಟನೆ ಸುಮ್ಮನಾಗುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಲೇಸು. ಮೂರು ನಾಲ್ಕು ವರ್ಷದ ಮಗುವಿಗೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕೆಂದೂ ಅದೇ ಸಂಸ್ಥೆ ಹೇಳುತ್ತದೆ. ಪರದೆಯನ್ನು ನೋಡುತ್ತಿರುವ ಕೂಸಿಗೆ ಮಾತು ಕೇಳಿಸುತ್ತದೆ, ಆದರೆ ಅದು ಮರಳಿ ನುಡಿದರೆ ಓಗೊಡುವವರಿಲ್ಲ. ಓಗೊಡುವ ಮುಖವಿಲ್ಲದೆ ಭಾಷೆ ಬೆಳೆಯದು. ಮನೆಯಲ್ಲಿ ಕೊಂಕಣಿಯಿದ್ದರೆ ಕೊಂಕಣಿಯಲ್ಲಿ, ಕನ್ನಡವಿದ್ದರೆ ಕನ್ನಡದಲ್ಲಿ ಧಾರಾಳವಾಗಿ ಮಾತನಾಡಿ. ಮುರುಕು ಇಂಗ್ಲಿಷಿಗಾಗಿ ತಾಯಿಯ ನುಡಿಯನ್ನು ಬಲಿಗೊಡಬೇಡಿ. ಎರಡು ಮೂರು ಭಾಷೆಗಳು ಕಿವಿಗೆ ಬಿದ್ದರೆ ಮಗುವಿಗೆ ಹೊರೆಯಾಗುವುದಿಲ್ಲ.

ಪ್ರಾರ್ಥನೆಯ ವಿಷಯ. ಇಡೀ ಜಪಮಾಲೆ ಮುಗಿಯುವವರೆಗೆ ಕಲ್ಲಿನಂತೆ ಕುಳಿತಿರಬೇಕೆಂದು ಎಳೆಯ ಮಗುವನ್ನು ಕಟ್ಟಿಹಾಕಿದರೆ, ಜಪಮಾಲೆಯೆಂದರೆ ಶಿಕ್ಷೆ ಎಂಬ ಭಾವನೆ ಅದರಲ್ಲಿ ಬೇರೂರುತ್ತದೆ. ಶಿಲುಬೆಯ ಗುರುತು, ಒಂದು ನಮೋ ಮರಿಯ, ‘ಯೇಸುಸ್ವಾಮಿ, ಅಜ್ಜಿಯನ್ನು ಕಾಪಾಡು’ ಎಂಬಂಥ ಅದರದೇ ಒಂದು ಮಾತು, ನಾಲ್ಕು ವರ್ಷಕ್ಕೆ ಇಷ್ಟು ಸಾಕು. ಕೊಂಕಣಿ ಕ್ರೈಸ್ತರ ಮೊಂತಿ ಹಬ್ಬದ ಒಂಬತ್ತು ದಿನ ಮಕ್ಕಳು ಹೂ ತಂದು ಬಾಲಮರಿಯಳಿಗೆ ಎರಚುವುದನ್ನು ನೋಡಿ. ನಮ್ಮ ಹಿರಿಯರು ಮಕ್ಕಳ ಮನಸ್ಸನ್ನು ಬಲ್ಲವರಾಗಿದ್ದರು. ಉಪದೇಶಕ್ಕಿಂತ ಮೊದಲು ಅವರು ಕೈಗೆ ಹೂ ಕೊಟ್ಟರು.

ಇನ್ನು ಕೊನೆಯದಾಗಿ, ನಮ್ಮೆಲ್ಲರ ಪರೀಕ್ಷೆಯಾದ ವಿಷಯಕ್ಕೆ ಬರುತ್ತೇನೆ. ಬಲಿಪೂಜೆಯ ನಡುವೆ ಕೂಸು ಅಳುತ್ತದೆ. ನಾಲ್ಕಾರು ತಲೆಗಳು ಹಿಂದಕ್ಕೆ ತಿರುಗುತ್ತವೆ. ತಾಯಿ ನಾಚಿ ಹೊರಗೆ ಹೋಗುತ್ತಾಳೆ. ಮುಂದಿನ ಭಾನುವಾರವೂ ಹಾಗೆಯೇ ಆದರೆ ಮೂರನೆಯ ಭಾನುವಾರ ಅವಳು ಬರುವುದಿಲ್ಲ. ಹೀಗೆ ಯಾವ ಜಗಳವೂ ಇಲ್ಲದೆ ಒಂದು ಕುಟುಂಬ ದೇವಾಲಯದಿಂದ ದೂರವಾಗುತ್ತದೆ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಪ್ರಭು ಕೋಪಗೊಂಡರೆಂದು ಶುಭಸಂದೇಶ ಹೇಳುತ್ತದೆ. ಅವರು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದರು. ಮಕ್ಕಳ ಬಲಿಪೂಜೆಯನ್ನು ಕುರಿತು 1973ರಲ್ಲಿ ರೋಮಿನಿಂದ ಬಂದ ಮಾರ್ಗದರ್ಶಿಯು, ತೀರ ಎಳೆಯ ಮಕ್ಕಳನ್ನು ಬೇರೆಡೆ ಯಾರಾದರೂ ನೋಡಿಕೊಂಡು ಪೂಜೆಯ ಕೊನೆಗೆ ಆಶೀರ್ವಾದಕ್ಕೆ ಕರೆತರಬಹುದೆಂದು ಸೂಚಿಸಿದೆ. 2014ರ ಜನವರಿಯಲ್ಲಿ ಸಿಸ್ಟೈನ್ ದೇವಾಲಯದಲ್ಲಿ 32 ಮಕ್ಕಳಿಗೆ ದೀಕ್ಷಾಸ್ನಾನ ನೀಡಿದಾಗ ಪೋಪ್ ಫ್ರಾನ್ಸಿಸರು, ಹಸಿದ ಕೂಸಿಗೆ ಅಲ್ಲಿಯೇ ಹಾಲೂಡಿಸಲು ತಾಯಂದಿರಿಗೆ ಸಂಕೋಚವಿಲ್ಲದೆ ಹೇಳಿದರು. ರೋಮಿನ ಆ ಭವ್ಯ ದೇವಾಲಯದಲ್ಲಿ ಸಲ್ಲುವುದು ನಮ್ಮ ಮಲೆನಾಡಿನ ದೇವಾಲಯದಲ್ಲಿ ಸಲ್ಲದೇ?

ಆದ್ದರಿಂದ ಶತಮಾನೋತ್ಸವದ ಕಾಣಿಕೆಯಾಗಿ ಮೂರು ಬೇಡಿಕೆಗಳನ್ನು ಈ ಸಭೆಯ ಮುಂದಿಡುತ್ತೇನೆ. ಒಂದು, ಎಳೆಯ ಮಕ್ಕಳ ಕುಟುಂಬಗಳಿಗೆ ಬಾಗಿಲ ಬಳಿಯ ಒಂದೆರಡು ಬೆಂಚುಗಳನ್ನು ಮೀಸಲಿಡೋಣ. ಎರಡು, ಮಕ್ಕಳನ್ನು ಸಾಕಿ ಅನುಭವವುಳ್ಳ ಅಜ್ಜಿಯಂದಿರು ಸರದಿಯಂತೆ ಪೂಜೆಯ ಹೊತ್ತಿನಲ್ಲಿ ಕೂಸುಗಳನ್ನು ಎತ್ತಿಕೊಳ್ಳಲಿ. ತಾಯಿಯೊಬ್ಬಳು ಅರ್ಧ ಗಂಟೆ ಬರಿಗೈಯಲ್ಲಿ ದೇವರ ಮುಂದೆ ಕೂರಲಿ. ಮೂರು, ದೂರದ ಹಳ್ಳಿಗಳಲ್ಲಿ ಒಂಟಿಯಾಗಿರುವ ಎಳೆಯ ತಾಯಂದಿರ ಮನೆಗೆ ತಿಂಗಳಿಗೊಮ್ಮೆಯಾದರೂ ನಮ್ಮಲ್ಲಿ ಇಬ್ಬರು ಹೋಗಿ ಬರೋಣ. ಕ್ರೈಸ್ತರ ಮನೆಗೆ ಮಾತ್ರವೆಂದಲ್ಲ, ನೆರೆಯವರಾದ ಎಲ್ಲರ ಮನೆಗೂ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ.

ಪೋಪ್ ಫ್ರಾನ್ಸಿಸರು ಕುಟುಂಬಗಳಿಗೆ ಮತ್ತೆ ಮತ್ತೆ ನೆನಪಿಸುತ್ತಿದ್ದ ಮೂರು ನುಡಿಗಳಿದ್ದವು: ಅಪ್ಪಣೆ ಕೇಳುವುದು, ವಂದನೆ ಹೇಳುವುದು, ಕ್ಷಮೆ ಬೇಡುವುದು. ನಾಲ್ಕು ವರ್ಷದ ಮಗು ಈ ಮೂರನ್ನೂ ಕಲಿಯಬಲ್ಲದು, ಆದರೆ ಕಲಿಯುವುದು ಗಂಡನು ಹೆಂಡತಿಗೆ, ಅತ್ತೆಯು ಸೊಸೆಗೆ ಅವನ್ನು ಹೇಳುವುದನ್ನು ಕೇಳಿಯೇ. ನಜರೇತಿನ ಮನೆಯಲ್ಲಿ ಬಾಲಯೇಸು ಬೆಳೆದ ಮೊದಲ ವರ್ಷಗಳ ಬಗ್ಗೆ ಶುಭಸಂದೇಶ ಬಹುಮಟ್ಟಿಗೆ ಮೌನವಾಗಿದೆ. ನೆಲ ಒರೆಸಿದ, ಅಂಬಲಿ ಕಾಸಿದ, ಜೋಗುಳ ಹಾಡಿದ ದಿನಗಳು ಆ ಮೌನದೊಳಗಿವೆ. ನಿಮ್ಮ ದಿನಗಳೂ ಅವುಗಳ ಸಾಲಿನಲ್ಲಿಯೇ ಸೇರಿವೆಯೆಂದು ನಂಬಿ.

ಪವಿತ್ರ ಕುಟುಂಬದ ಆಶೀರ್ವಾದ ನಿಮ್ಮೆಲ್ಲರ ಮನೆಗಳ ಮೇಲಿರಲಿ.