ಬಸವನಗುಡಿಯ ನೆರಳು

ಒಂದು ಊರಿನ ಸಂಸ್ಕೃತಿಯನ್ನು ಅರಿಯಬೇಕಾದರೆ ಅದರ ಬೀದಿಗಳಲ್ಲಿ ನಡೆಯಬೇಕು. ಬೆಂಗಳೂರಿನ ಬಸವನಗುಡಿ ಇದಕ್ಕೆ ನಿದರ್ಶನ. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನ ಅಪಾಯವನ್ನು ತೋರಿಸಿಕೊಟ್ಟ ತರುವಾಯ ಬೆಳೆದ ಬಡಾವಣೆಯಿದು. ಗಾಳಿ ಬೆಳಕಿಗೆಂದು ಅಗಲವಾದ ಬೀದಿಗಳು ಬಂದವು. ಬೀದಿಗಳ ಬದಿಯಲ್ಲಿ ಸಾಲುಮರಗಳು ಬೆಳೆದವು. ಆ ನೆರಳು ಜನರಿಗೆ ನಿಧಾನವಾಗಿ ನಡೆಯುವುದನ್ನು ಕಲಿಸಿತು.

ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ದೋಸೆಗಾಗಿ ಕಾಯುವ ಹೊತ್ತು ಒಂದು ಪದ್ಯದ ಚರ್ಚೆಗೆ ಸಾಕು. ಅಲ್ಲಿಂದ ಕಹಳೆ ಬಂಡೆಯ ಉದ್ಯಾನವನ್ನು ಹಾದರೆ ದೊಡ್ಡ ಬಸವಣ್ಣನ ಗುಡಿ. ಇನ್ನೂ ಮುಂದಕ್ಕೆ, ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ರುಚಿ, ಭಕ್ತಿ, ವಿಚಾರ ಮೂರೂ ಒಂದೇ ಸಂಜೆಯ ನಡಿಗೆಗೆ ದಕ್ಕುತ್ತವೆ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬರುವ ರೈತರೂ ಇದೇ ಹಾದಿಯಲ್ಲಿ ಪಟ್ಟಣಿಗರೊಡನೆ ಬೆರೆಯುತ್ತಾರೆ.

ರಸ್ತೆ ಅಗಲಿಸಲೆಂದು ಮರ ಕಡಿಯುವವರು ವಾಹನಗಳಿಗೆ ಮಿಗುವ ನಿಮಿಷಗಳನ್ನು ಎಣಿಸುತ್ತಾರೆ. ಆದರೆ ಸುಡುವ ಹಾದಿಯಲ್ಲಿ ಯಾರು ತಾನೆ ನಿಂತು ಮಾತನಾಡಿಯಾರು? ಹೋಟೆಲು ಉಳಿದೀತು, ಸಭೆಗಳೂ ನಡೆದಾವು. ಒಂದರಿಂದ ಇನ್ನೊಂದಕ್ಕೆ ಸಾಗುತ್ತ ಆಡಿಕೊಳ್ಳುತ್ತಿದ್ದ ಮಾತು ಉಳಿಯದು. ಬಸವನಗುಡಿಯನ್ನು ಬಸವನಗುಡಿಯಾಗಿಸಿದ್ದು ಆ ಮಾತು.